ಒಂದೇ ಮನೆಯಲ್ಲಿ ಎರಡು ಪಥ್ಯ

ಪೌಷ್ಟಿಕಾಂಶ ವಿಜ್ಞಾನ ಓದಲು ಬಂದವರನ್ನು "ಯಾಕೆ ಈ ಕೋರ್ಸು?" ಎಂದು ಕೇಳಿ ನೋಡಿ. ಬಹಳ ಜನರ ಉತ್ತರದಲ್ಲಿ ಒಬ್ಬ ರೋಗಿ ಇದ್ದೇ ಇರುತ್ತಾರೆ. ಅಮ್ಮನ ಸಕ್ಕರೆ ಕಾಯಿಲೆ, ತಂಗಿಯ ಥೈರಾಯ್ಡ್, ಇಲ್ಲವೇ ತಮ್ಮದೇ ಇಳಿಯದ ತೂಕ. ನನ್ನ ಉತ್ತರದಲ್ಲಿ ಇಬ್ಬರಿದ್ದರು, ಅಪ್ಪ ಮತ್ತು ನಾನು. ಕಾಯಿಲೆ ನನ್ನನ್ನು ಈ ದಾರಿಗೆ ತಂದಿತು, ಸರಿ. ಆದರೆ ಕೆಲಸ ಕಲಿಸಿದ್ದು ನಮ್ಮಿಬ್ಬರ ಪಥ್ಯ ಒಂದಕ್ಕೊಂದು ಹೊಂದದೇ ಹೋದದ್ದು.

ಹದಿಹರೆಯದಲ್ಲೇ ನನಗೆ ರಕ್ತಹೀನತೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ. ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು, ಹಿಮೋಗ್ಲೋಬಿನ್ ಮಾತ್ರ ಕದಲಲಿಲ್ಲ. ಮನೆಗೆ ಬಂದವರೆಲ್ಲ "ಹುಡುಗಿ ಸರಿಯಾಗಿ ಊಟ ಮಾಡಲ್ಲ" ಎಂದು ಒಂದು ಮಾತು ಹೇಳಿಯೇ ಹೋಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸೊಪ್ಪು ತಿನ್ನುತ್ತಿದ್ದವಳು ನಾನೇ! ಕೊನೆಗೆ ಒಬ್ಬ ವೈದ್ಯೆ, ತಿಂದದ್ದು ಮೈಗೆ ಹತ್ತುತ್ತಿದೆಯೋ ಇಲ್ಲವೋ ನೋಡೋಣ ಎಂದು ಪ್ರತಿಕಾಯಗಳ (ಆಂಟಿಬಾಡಿ) ರಕ್ತಪರೀಕ್ಷೆ ಬರೆದುಕೊಟ್ಟರು. ಆಮೇಲೆ ಎಂಡೋಸ್ಕೋಪಿ, ಬಯಾಪ್ಸಿ. ಸೀಲಿಯಾಕ್ ಎಂದು ತಿಳಿಯಿತು.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಕರುಳಿನ ಒಳಗೋಡೆಯಲ್ಲಿ ಆಹಾರಾಂಶಗಳನ್ನು ಹೀರಿಕೊಳ್ಳುವ ಕೂದಲೆಳೆಯಂಥ ರಚನೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಹಾನಿಯೂ ಹೆಚ್ಚಾಗಿ ಅಲ್ಲೇ. ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಅಷ್ಟು ದಿನ ಯಾರೂ ಕೊಡದ ಉತ್ತರ ಅದು.

ಅದೇ ಹೊತ್ತಿಗೆ ಅಪ್ಪನ ರಕ್ತದಲ್ಲಿ, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ಏರತೊಡಗಿತ್ತು. ವರ್ಷಗಟ್ಟಲೆ ಇದ್ದ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಬಂದು ನಿಂತಿತ್ತು. ನನ್ನ ಹಾಳೆಯಲ್ಲಿ ಬೇಳೆಕಾಳು, ಸೊಪ್ಪು, ಹುಳಿ ಹಣ್ಣು ಧಾರಾಳವಾಗಿರಲಿ ಎಂದಿತ್ತು. ಅಪ್ಪನ ಹಾಳೆಯಲ್ಲಿ ಪ್ರೋಟೀನಿಗೆ ಮಿತಿ, ಪೊಟ್ಯಾಷಿಯಂ ಹೆಚ್ಚಿರುವ ತರಕಾರಿ-ಹಣ್ಣಿಗೆ ಮಿತಿ. ಅಮ್ಮ ಎರಡನ್ನೂ ಅಡುಗೆಮನೆಯ ಗೋಡೆಗೆ ಅಕ್ಕಪಕ್ಕ ಅಂಟಿಸಿ, "ನನಗೇನು ಎರಡು ಒಲೆ, ನಾಲ್ಕು ಕೈ ಇದೆಯಾ?" ಎಂದಳು.

ನೆಂಟರೊಬ್ಬರು ಅಪ್ಪನ ಬಿಪಿಗೆ ಒಳ್ಳೆಯದೆಂದು ಸೋಡಿಯಂ ಕಡಿಮೆಯಿರುವ ಉಪ್ಪು ತಂದುಕೊಟ್ಟರು. ಕಾಳಜಿಯಿಂದಲೇ ತಂದದ್ದು. ಅಂಥ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ಸೇರಿಸುವುದು ಪೊಟ್ಯಾಷಿಯಂ ಕ್ಲೋರೈಡ್. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಷಿಯಂ ಏರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಹಲವರಿಗೆ ಒಳ್ಳೆಯದಾಗುವ ವಸ್ತು ನಮ್ಮ ಮನೆಯಲ್ಲಿ ಅಪಾಯವಾಗಿತ್ತು.

ಅದನ್ನು ಹಿಡಿದದ್ದು ಆಸ್ಪತ್ರೆಯ ಡಯಟೀಷಿಯನ್. ಆಕೆ ನಮಗೆ ಇನ್ನೊಂದು ಪಟ್ಟಿ ಕೊಡಲಿಲ್ಲ. ಅಡುಗೆ ಯಾರು ಮಾಡುತ್ತಾರೆ, ಬೆಳಗ್ಗೆ ಎಷ್ಟು ಹೊತ್ತು ಸಿಗುತ್ತದೆ, ಯಾವ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರು. ಉಪ್ಪಿನ ಸಂಗತಿ ಹೊರಬಿದ್ದದ್ದು ಆ ಡಬ್ಬಿಯ ಪ್ರಶ್ನೆಯಿಂದಲೇ. ಆಮೇಲೆ ದಾರಿ ಹೇಳಿದರು. ತರಕಾರಿ ಒಂದೇ ಸಲ ಹೆಚ್ಚಿಕೊಳ್ಳಿ. ಅಪ್ಪನ ಪಾಲನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಬಸಿದುಬಿಡಿ, ಪೊಟ್ಯಾಷಿಯಂನ ಒಂದಷ್ಟು ಭಾಗ ನೀರಿನ ಜೊತೆ ಹೋಗುತ್ತದೆ. ಮಗಳ ಪಾಲನ್ನು ಅದಕ್ಕೆ ಮೊದಲೇ ತೆಗೆದಿಡಿ. ಅವಳು ಊಟದ ಬೆನ್ನಲ್ಲೇ ಕಾಫಿ, ಟೀ ಕುಡಿಯುವುದು ಬೇಡ, ಅವು ಕಬ್ಬಿಣ ಹೀರದಂತೆ ತಡೆಯುತ್ತವೆ. ಅಮ್ಮನ ಮುಖ ಸಡಿಲವಾದದ್ದನ್ನು ನೋಡುತ್ತಾ ಕೂತಿದ್ದ ನನಗೆ, ಇದೂ ಒಂದು ಉದ್ಯೋಗವೇ, ಇದನ್ನು ನಾನೂ ಮಾಡಬಹುದಲ್ಲ ಎನಿಸಿತು.

ಕಾಲೇಜು ಸೇರಿದ ಮೇಲೆ ಬಹಳ ಕಾಲ ರೋಗಿಯ ಸುದ್ದಿಯೇ ಇಲ್ಲ. ಜೀವರಸಾಯನ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ, ಸೂಕ್ಷ್ಮಾಣುಜೀವಿಗಳು, ಸಂಖ್ಯಾಶಾಸ್ತ್ರ. ಮನೆಯ ನೋವನ್ನು ಹೊತ್ತು ಬಂದ ಎಷ್ಟೋ ಜನ ಇಲ್ಲೇ ಕೈಚೆಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾಠದ ನಡುವೆ ಬಂದ ನನ್ನದೇ ಕಾಯಿಲೆಯ ಚರಿತ್ರೆ.

1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್, ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟಾಗ ಆ ಮಕ್ಕಳು ಚೇತರಿಸಿಕೊಂಡದ್ದನ್ನು ಪ್ರಕಟಿಸಿದರು. ಮಕ್ಕಳು ನಿಜಕ್ಕೂ ಚೇತರಿಸಿಕೊಂಡಿದ್ದರು. ಬಾಳೆಹಣ್ಣಿಗೇ ಆ ಗುಣವಿದೆ ಎಂದು ಅವರು ನಂಬಿದರು. ಆದರೆ ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ, ಗುಣದ ಗುಟ್ಟು ಇದ್ದದ್ದು ಅಲ್ಲಿ. ಗೋಧಿಯ ಕೈವಾಡವನ್ನು ತೋರಿಸಿಕೊಟ್ಟದ್ದು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದ ಬರಗಾಲದಲ್ಲಿ ಬ್ರೆಡ್ ಸಿಗದೆ ಹೋದಾಗ ಸೀಲಿಯಾಕ್ ಮಕ್ಕಳು ಸುಧಾರಿಸಿದ್ದು, ಬ್ರೆಡ್ ಮರಳಿದಾಗ ಮತ್ತೆ ಹದಗೆಟ್ಟದ್ದು ಅವರ ಹಳೆಯ ಅನುಮಾನವನ್ನು ಗಟ್ಟಿಮಾಡಿತು. 1950ರಲ್ಲಿ ಅವರ ಪ್ರಬಂಧ ಬಂತು.

ಗುಣವಾದದ್ದು ನಿಜವಾಗಿದ್ದೂ ಕಾರಣ ತಪ್ಪಾಗಿರಬಹುದು ಎಂಬುದು ನನ್ನಂಥವರಿಗೆ ಬಹಳ ಬೇಕಾದ ಪಾಠ. "ನಾನು ಇದನ್ನು ತಿಂದೆ, ವಾಸಿಯಾಯಿತು, ನೀವೂ ತಿನ್ನಿ" ಎನ್ನುವವರಿಗೆ ಇವತ್ತು ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿಲ್ಲ. ಕಷ್ಟ ಇರುವುದೂ ಅಲ್ಲೇ.

ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದು ತರಬೇತಿಯ ಕಾಲದಲ್ಲಿ ವಾರ್ಡಿನಲ್ಲಿ ಇನ್ನಷ್ಟು ಮನದಟ್ಟಾಯಿತು. ದಿನಗಟ್ಟಲೆ ಏನೂ ತಿನ್ನದೆ ಸೊರಗಿದವರನ್ನು ಕಂಡರೆ ಮನೆಯಲ್ಲಿ ಬೆಳೆದ ಬುದ್ಧಿ "ಹೊಟ್ಟೆ ತುಂಬ ಬಡಿಸು" ಎನ್ನುತ್ತದೆ. ಒಮ್ಮೆಲೇ ಬಡಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಫಾಸ್ಫೇಟ್ ಎಂಬ ಲವಣ ಜೀವಕೋಶಗಳೊಳಗೆ ನುಗ್ಗಿ, ರಕ್ತದಲ್ಲಿ ಅದು ತೀರಾ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಅಲ್ಲಿ ಕಡಿಮೆಯಿಂದ ಶುರುಮಾಡಿ, ರಕ್ತಪರೀಕ್ಷೆ ನೋಡಿಕೊಂಡು ಏರಿಸುವುದೇ ಕರುಣೆ.

ಈಗ ನನ್ನ ಮುಂದೆ ಕೂತವರಿಗೆ ನನ್ನ ಕಾಯಿಲೆಯ ಕತೆ ನಾನಾಗಿ ಹೇಳುವುದಿಲ್ಲ. ಸದಾ ಸುಸ್ತು ಎಂದು ಬಂದ ಹೆಣ್ಣುಮಗಳಿಗೆ "ನಾನು ಗೋಧಿ ಬಿಟ್ಟೆ, ಗೆದ್ದೆ" ಎಂದರೆ ನಾಳೆಯೇ ಆಕೆಯೂ ಬಿಡುತ್ತಾಳೆ. ಗ್ಲುಟೆನ್ ಬಿಟ್ಟ ಮೇಲೆ ಪ್ರತಿಕಾಯಗಳು ಇಳಿಯುತ್ತವೆ, ನಿಜವಾಗಿ ಸೀಲಿಯಾಕ್ ಇದ್ದರೂ ಪರೀಕ್ಷೆ ಇಲ್ಲವೆನ್ನಬಹುದು. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ನನ್ನ ಕಷ್ಟ ನನಗೆ ಕೊಟ್ಟಿರುವುದು ಸಲಹೆಯನ್ನಲ್ಲ, ಕೇಳಬೇಕಾದ ಪ್ರಶ್ನೆಗಳನ್ನು. ನಿನ್ನೆ ಬೆಳಗ್ಗೆಯಿಂದ ಏನೇನು ತಿಂದಿರಿ ಎಂದು ಬರೆದುಕೊಳ್ಳುವಾಗ "ಮಾತ್ರೆ ಯಾವಾಗ ನುಂಗಿದಿರಿ, ಜೊತೆಗೇನು ಕುಡಿದಿರಿ?" ಎಂಬುದು ತಾನಾಗಿಯೇ ಬಾಯಿಗೆ ಬರುತ್ತದೆ.

ಅಪ್ಪ ಆಮೇಲೆ ಡಯಾಲಿಸಿಸ್‌ಗೆ ಬಂದರು. ಅಲ್ಲಿ ಲೆಕ್ಕವೇ ತಿರುಗುಮುರುಗು. ಅದಕ್ಕೆ ಮೊದಲು ದಿನಕ್ಕೆ ದೇಹತೂಕದ ಕಿಲೋಗೆ 0.6ರಿಂದ 0.8 ಗ್ರಾಂ ಪ್ರೋಟೀನ್ ಸಾಕಿತ್ತು. ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಸೋರಿಹೋಗುವುದರಿಂದ 1ರಿಂದ 1.2 ಗ್ರಾಂ ಬೇಕು. "ನಿನ್ನೆವರೆಗೂ ಬೇಡ ಅಂದಿದ್ದನ್ನ ಇವತ್ತು ತಿನ್ನು ಅಂತೀಯಲ್ಲ, ಯಾವುದನ್ನ ನಂಬಲಿ?" ಎಂದು ಅಪ್ಪ ರೇಗಿದರು. ಅದಕ್ಕೆ ಮಗಳ ಬಳಿ ಉತ್ತರವಿತ್ತು, ಆದರೆ ಮಗಳಿಂದ ಕೇಳುವ ಮನಸ್ಸು ಅವರಿಗಿರಲಿಲ್ಲ.

ಹಾಗಾಗಿ ಅವರ ಪಥ್ಯವನ್ನು ನನ್ನ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದ್ದೇನೆ. ಮನೆಯವರಿಗೆ ನಾವೇ ಡಯಟೀಷಿಯನ್ ಆಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ನನ್ನ ಹತ್ತಿರ ಅಪ್ಪ ಏನೂ ತಿಂದೇ ಇಲ್ಲ ಎನ್ನುತ್ತಿದ್ದರು. ಆಕೆಯ ಹತ್ತಿರ ಎಲ್ಲ ಬಾಯಿಬಿಡುತ್ತಾರೆ. "ಆಯಮ್ಮ ಬೈಯಲ್ಲ ಕಣೇ, ಬರ್ಕೊಳ್ತಾರೆ ಅಷ್ಟೆ" ಅನ್ನುವುದು ಅವರ ಸಮಜಾಯಿಷಿ.