ಫಲಪುಷ್ಪ ಪ್ರದರ್ಶನದಿಂದ ತಂದ ಗಿಡ ಉಳಿಸಿಕೊಳ್ಳುವುದು ಹೇಗೆ?

ಲಾಲ್‌ಬಾಗ್‌ನಲ್ಲಿ ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಗಣರಾಜ್ಯೋತ್ಸವಕ್ಕೆ ಒಂದು, ಸ್ವಾತಂತ್ರ್ಯ ದಿನಕ್ಕೆ ಇನ್ನೊಂದು. ಎರಡೂ ಸಲ ಗೇಟಿನ ಹತ್ತಿರ ಹೂ ತುಂಬಿದ ಕುಂಡ ಎದೆಗೆ ಅವಚಿಕೊಂಡು ಆಟೋ ಹುಡುಕುವವರು ಕಾಣುತ್ತಾರೆ. ಜನವರಿಯಲ್ಲಿ ಹಾಗೆ ಮನೆಗೆ ಹೋದ ಗಿಡ ಶಿವರಾತ್ರಿ ಹೊತ್ತಿಗೆ ಒಣಕಡ್ಡಿ. ‘ನಮ್ಮ ಕೈಗೆ ಗಿಡ ಹತ್ತಲ್ಲ’ ಎಂದು ಮನೆಯವರು ಸುಮ್ಮನಾಗಿಬಿಡುತ್ತಾರೆ. ನನ್ನ ನೆಂಟರು, ನೆರೆಯವರು, ಎಷ್ಟೋ ಜನ ಈ ಮಾತು ಹೇಳಿದ್ದಾರೆ. ವಿಚಾರಿಸಿದರೆ ಎಲ್ಲರ ಮನೆಯಲ್ಲೂ ಹೆಚ್ಚು ಕಡಿಮೆ ಒಂದೇ ಕಥೆ. ಆ ಕಾಲಕ್ಕೆ ಹೊಂದದ ಗಿಡ ಕೊಂಡಿರುತ್ತಾರೆ, ಕುಂಡ ಬದಲಿಸುವಾಗ ಬೇರು ಕೆಡಿಸಿರುತ್ತಾರೆ.

1. ಏನು ತರಬೇಕು ಎಂದು ಮನೆಯಲ್ಲೇ ತೀರ್ಮಾನಿಸಿ

ಜನವರಿಯಲ್ಲಿ ಋತುವಿನ ಹೂಗಳನ್ನು ಮಾತ್ರ ತನ್ನಿ. ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್, ಡಯಾಂಥಸ್, ಚೆಂಡುಹೂ, ಕೋಳಿಜುಟ್ಟು ಇಂಥವು. ಬೀಜ ಹಾಕಿದ ಕೆಲವು ತಿಂಗಳಲ್ಲಿ ಹೂ ಬಿಟ್ಟು, ಬೀಜ ಕಟ್ಟಿ ಇವು ಮುಗಿಯುತ್ತವೆ. ಬಿಸಿಲು ಏರಿದಾಗ ಪೆಟೂನಿಯಾ ಒಣಗಿದರೆ ನೀವು ಕೊಂದಿರಿ ಎಂದಲ್ಲ, ಅದರ ಆಯುಷ್ಯವೇ ಅಷ್ಟು. ಇದು ಗೊತ್ತಿದ್ದರೆ ಅರ್ಧ ಬೇಜಾರು ಅಲ್ಲೇ ಕಳೆಯುತ್ತದೆ.

ಗುಲಾಬಿ, ದಾಸವಾಳ, ಮಲ್ಲಿಗೆ, ಕಸಿ ಮಾಡಿದ ಸೀಬೆ, ಮಾವು, ನಿಂಬೆ ಇವನ್ನೆಲ್ಲ ಆಗಸ್ಟ್‌ಗೆ ಬಿಡಿ. ಜನವರಿ ಕೊನೆಯಲ್ಲಿ ತಂದ ಗಿಡಕ್ಕೆ ಬೇರು ಊರಲು ಒಂದು ತಿಂಗಳೂ ಸಿಗುವುದಿಲ್ಲ. ಅಷ್ಟರಲ್ಲೇ ತಾರಸಿ ಕಾಯಲು ಶುರುವಾಗುತ್ತದೆ. ಆಗಸ್ಟ್‌ನಲ್ಲಿ ತಂದರೆ ಮುಂಗಾರಿನ ಕೊನೆ, ಹಿಂಗಾರು, ಚಳಿಗಾಲ ಎಲ್ಲ ಸೇರಿ ಆರು ತಿಂಗಳು ತಂಪು. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಜನವರಿಯಲ್ಲಿ ಗುಲಾಬಿ ಎಷ್ಟೇ ಚೆನ್ನಾಗಿ ಕಾಣಲಿ, ಹೆಸರು ಬರೆದುಕೊಂಡು ಬನ್ನಿ ಸಾಕು.

2. ದಿನ ಮತ್ತು ಹೊತ್ತು

ವಾರದ ನಡುವಿನ ದಿನ, ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಹೋಗಿ. ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮದ ಗೇಟು ಪಕ್ಕದಲ್ಲೇ ಇದೆ. ಕಾರು ಬೇಡವೇ ಬೇಡ. ಆಗಸ್ಟ್ 15, ಜನವರಿ 26 ಮತ್ತು ಅವುಗಳ ಅಕ್ಕಪಕ್ಕದ ಭಾನುವಾರ ಹೋದರೆ ಹೂವಿಗಿಂತ ಮುಂದಿನವರ ಬೆನ್ನನ್ನೇ ಜಾಸ್ತಿ ನೋಡುತ್ತೀರಿ. ತೋಟದೊಳಗೆ ಪ್ಲಾಸ್ಟಿಕ್ ಚೀಲ ನಿಷಿದ್ಧ. ತಳ ಅಗಲವಾದ ಬಟ್ಟೆ ಚೀಲ ಎರಡು ಇರಲಿ.

3. ಮೊದಲು ನೋಡಿ

ಎಲ್ಲರೂ ನೇರ ಗಾಜಿನ ಮನೆಗೆ ಹೋಗುತ್ತಾರೆ. ಹೋಗಬೇಕಾದ್ದೇ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಕಟ್ಟಡ ಅದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರೂನ್. ನಡುವೆ ಪ್ರತಿ ಸಲ ಒಂದು ವಿಷಯ ಇಟ್ಟುಕೊಂಡು ಹೂವಿನಲ್ಲಿ ದೊಡ್ಡ ರಚನೆ ಮಾಡುತ್ತಾರೆ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ಇದ್ದರು. 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, 2025ರ ಜನವರಿಯಲ್ಲಿ ವಾಲ್ಮೀಕಿ.

ಆದರೆ ಗಿಡ ಬೆಳೆಸುವವರು ನೋಡಬೇಕಾದ್ದು ನಡುವಿನ ರಚನೆಯ ಸುತ್ತ ಜೋಡಿಸಿಟ್ಟ ಕುಂಡಗಳನ್ನು. ಜನ ಅದರ ಮುಂದೆ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಒಂದು ಕುಂಡದ ಮುಂದೆ ನಿಂತು ನೋಡಿ. ಕುಂಡ ಎಷ್ಟು ಚಿಕ್ಕದು, ಒಂದರಲ್ಲಿ ಎಷ್ಟು ಗಿಡ, ಕೊಂಬೆ ಎಲ್ಲಿ ಚಿವುಟಿದ್ದಾರೆ? ತುದಿ ಚಿವುಟಿ ಚಿವುಟಿ ಪಕ್ಕದ ಕೊಂಬೆ ಒಡೆಸಿದ್ದರಿಂದಲೇ ಆ ಗಿಡ ಅಷ್ಟು ದಟ್ಟವಾಗಿದೆ. ಪ್ರದರ್ಶನದ ದಿನಕ್ಕೆ ಸರಿಯಾಗಿ ಅರಳಲಿ ಎಂದು ತೋಟದ ಸಿಬ್ಬಂದಿ ತಿಂಗಳುಗಳ ಮೊದಲೇ ಲೆಕ್ಕ ಹಾಕಿ ಬಿತ್ತಿರುತ್ತಾರೆ. ಆ ದುಡಿಮೆಗೆ ಎರಡು ನಿಮಿಷ ನಿಲ್ಲಲೇಬೇಕು ಅಲ್ವಾ?

ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನವನ್ನೂ ತಪ್ಪಿಸಬೇಡಿ. ಇಕೆಬಾನ (ಜಪಾನಿ ಶೈಲಿಯ ಹೂಜೋಡಣೆ), ಪುಷ್ಪ ಭಾರತಿ (ಭಾರತೀಯ ಶೈಲಿಯದು), ತರಕಾರಿ ಕೆತ್ತನೆ, ಒಣಹೂವಿನ ಜೋಡಣೆಯ ಸ್ಪರ್ಧೆಗಳು ನಡೆದರೆ ನೋಡುವ ಜನ ಬಹಳ ಕಡಿಮೆ. ಮನೆಯಲ್ಲೇ ಕಲಿತ ಹೆಂಗಸರು ಅಲ್ಲಿ ಇಡುವ ಕೆಲಸ ನೋಡಿದರೆ ಬೆರಗಾಗುತ್ತದೆ.

4. ಗಿಡ ಆರಿಸುವುದು

ಮಳಿಗೆಗೆ ಹೋದ ತಕ್ಷಣ ಕಣ್ಣು ತುಂಬ ಅರಳಿದ ಗಿಡದ ಮೇಲೆ ಬೀಳುತ್ತದೆ. ಅದನ್ನು ಬಿಡಿ. ಪೂರ್ತಿ ಅರಳಿದ್ದರೆ ಅದರ ಒಳ್ಳೆಯ ದಿನಗಳು ಮಳಿಗೆಯಲ್ಲೇ ಮುಗಿದಿವೆ. ‘ಅಣ್ಣಾ, ಮೊಗ್ಗು ಇರೋದು ಕೊಡಿ’ ಎಂದು ಕೇಳಿ. ಒಂದೆರಡು ಅರಳಿ, ಉಳಿದದ್ದು ಮೊಗ್ಗಾಗಿರಬೇಕು.

ಆಮೇಲೆ ಎಲೆ ತಿರುಗಿಸಿ ಅಡಿ ನೋಡಿ. ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಹಿಟ್ಟುತಿಗಣೆ. ಆ ಗಿಡ ಪುಕ್ಕಟೆ ಕೊಟ್ಟರೂ ಬೇಡ, ಮನೆಯ ದಾಸವಾಳಕ್ಕೆಲ್ಲ ಹಬ್ಬುತ್ತದೆ. ಕವರ್ ಎತ್ತಿ ತಳ ನೋಡಿ. ತೂತಿನಲ್ಲಿ ಒಂದೆರಡು ಬಿಳಿ ಬೇರು ಕಂಡರೆ ಒಳ್ಳೆಯದು. ಕಂದು ಬೇರಿನ ಗಂಟೇ ಹೊರಬಂದಿದ್ದರೆ ಬಹಳ ದಿನದಿಂದ ಅದೇ ಕವರ್‌ನಲ್ಲಿದೆ ಎಂದರ್ಥ.

ಗುಲಾಬಿಯಲ್ಲಿ ಕಸಿ ಗಂಟು, ಅಂದರೆ ಕಸಿ ಕಟ್ಟಿದ ಜಾಗದ ಉಬ್ಬು, ಹುಡುಕಿ. ಗಂಟಿನ ಮೇಲಿಂದ ಕನಿಷ್ಠ ಎರಡು ಗಟ್ಟಿ ಕೊಂಬೆ ಬಂದಿರಬೇಕು. ಗಂಟಿನ ಕೆಳಗಿಂದ ಬಂದ ಚಿಗುರು ಕಾಡುಗುಲಾಬಿಯದು. ಅದು ಬೆಳೆದರೆ ಮೇಲಿನ ಒಳ್ಳೆಯ ಜಾತಿ ಸೊರಗುತ್ತದೆ. ಅಂಥ ಚಿಗುರನ್ನು ಬುಡಕ್ಕೇ ಕಿತ್ತುಹಾಕಬೇಕು.

ಆಗಸ್ಟ್‌ನಲ್ಲಿ ಕುಂಡ ತುಂಬ ಅರಳಿದ ಸೇವಂತಿಗೆ ಕಂಡರೆ ಒಂದು ವಿಷಯ ನೆನಪಿರಲಿ. ಸೇವಂತಿಗೆ ಹಗಲು ಚಿಕ್ಕದಾದಾಗ ಮೊಗ್ಗು ಹಿಡಿಯುವ ಗಿಡ. ಬೆಳೆಗಾರರು ಪಾಲಿಹೌಸ್‌ನಲ್ಲಿ ಕಪ್ಪು ಬಟ್ಟೆ ಮುಚ್ಚಿ, ರಾತ್ರಿ ಉದ್ದ ಮಾಡಿ ಆಗಸ್ಟ್‌ಗೇ ಹೂ ಬರಿಸುತ್ತಾರೆ. ಕುಳ್ಳಗೆ ಇರಲಿ ಎಂದು ಬೆಳವಣಿಗೆ ತಡೆಯುವ ಔಷಧಿ ಹೊಡೆಯುವುದೂ ಉಂಟು. ನಿಮ್ಮ ಮನೆಯಲ್ಲಿ ಅದೇ ಗಿಡ ಉದ್ದ ಬೆಳೆದು ನವೆಂಬರ್, ಡಿಸೆಂಬರ್‌ಗೆ ಹೂ ಬಿಡುತ್ತದೆ. ಅದೇ ಸರಿಯಾದ ಕಾಲ.

ಕೆಲವನ್ನು ಕಣ್ಣೆತ್ತಿಯೂ ನೋಡಬೇಡಿ. ಬಣ್ಣ ಸ್ಪ್ರೇ ಮಾಡಿದ ರಸಭರಿತ ಗಿಡಗಳು, ಗಮ್ಮಿನಿಂದ ಒಣಹೂ ಅಂಟಿಸಿದ ಪಾಪಾಸುಕಳ್ಳಿ, ‘ನೀಲಿ ಗುಲಾಬಿ’ ಬೀಜದ ಪೊಟ್ಟಣ. ನೀಲಿ ಗುಲಾಬಿ ಬೀಜ ಎಂಬುದೇ ಇಲ್ಲ. ಚಿಕ್ಕ ತಟ್ಟೆಯಲ್ಲಿ ಆಲದ ಜಾತಿಯ ಕಡ್ಡಿ ಚುಚ್ಚಿ ಬೋನ್ಸಾಯ್ ಎಂದು ಮಾರುವುದೂ ಇದೆ. ಬೋನ್ಸಾಯ್ ಮಾಡಲು ವರ್ಷಗಟ್ಟಲೆ ಬೇಕು, ಕಾಂಡ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ತರಕಾರಿ ಬೀಜ, ಹಣ್ಣಿನ ಸಸಿ ಬೇಕಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಕೇಳಿ. ಅರ್ಕಾ ಕಿರಣ್ ಸೀಬೆ, ಅರ್ಕಾ ರಕ್ಷಕ್ ಟೊಮೆಟೊ ನನಗೆ ಇಷ್ಟ. ಆವತ್ತು ಗದ್ದಲ ಜಾಸ್ತಿ ಇದ್ದರೆ ಕೊಳ್ಳುವುದೇ ಬೇಡ. ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸಹಕಾರ ಸಂಘದಲ್ಲಿ ಬೇರೆ ದಿನಗಳಲ್ಲೂ ಗಿಡ ಸಿಗುತ್ತದೆ. ಸಮಾಧಾನವಾಗಿ ಆರಿಸಬಹುದು.

5. ಮನೆಗೆ ತರುವುದು

ನೆಟ್ಟಗೆ ನಿಲ್ಲಿಸಿ, ಗಾಳಿ ಹೊಡೆಯದಂತೆ ತನ್ನಿ.

6. ಒಂದು ವಾರ ಮುಟ್ಟಬೇಡಿ

ಬಂದ ದಿನವೇ ಕುಂಡ ಬದಲಿಸುವ ಆತುರ ಬೇಡ. ಬೆಳಗಿನ ಬಿಸಿಲು ಒಂದೆರಡು ಗಂಟೆ ಬೀಳುವ ಕಡೆ, ಬೇರೆ ಗಿಡಗಳಿಂದ ದೂರ ಇಡಿ. ಹುಳು ಇದ್ದರೆ ಈ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಋತುವಿನ ಹೂಗಿಡವಾದರೆ ಅದೇ ಕುಂಡದಲ್ಲಿ ಬಿಟ್ಟು, ನಿಧಾನವಾಗಿ ಬಿಸಿಲಿಗೆ ಸರಿಸಿ, ಬಾಡಿದ ಹೂ ಕೀಳುತ್ತಿದ್ದರೆ ಸಾಕು. ಮುಂದಿನದೆಲ್ಲ ಬಹುವರ್ಷದ ಗಿಡಗಳಿಗೆ.

7. ಕುಂಡ ಬದಲಿಸುವುದು

ಹೆಚ್ಚಿನ ಗಿಡ ಸಾಯುವುದು ಇಲ್ಲೇ.

ಮಳಿಗೆಯ ಗಿಡದ ಬೇರು ಎರಡು ಬಗೆಯಲ್ಲಿ ಬಂದಿರುತ್ತದೆ. ಒಂದು, ಜಿಗುಟು ಜೇಡಿಮಣ್ಣಿನ ಗಟ್ಟಿ ಉಂಡೆ. ದೂರದಿಂದ ಲಾರಿಯಲ್ಲಿ ಬರುವಾಗ ಒಡೆಯಬಾರದು ಎಂದು ಹಾಗೆ ಕಟ್ಟುತ್ತಾರೆ. ಇನ್ನೊಂದು, ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಎರಡರ ಕಾಟವೂ ಬೇರೆ ಬೇರೆ. ಜೇಡಿಮಣ್ಣಿನ ಉಂಡೆಯನ್ನು ಹಾಗೇ ಸಡಿಲ ಮಣ್ಣಿನ ಕುಂಡದಲ್ಲಿ ಇಟ್ಟರೆ ನೀವು ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ಹೋಗುತ್ತದೆ. ಉಂಡೆಯ ಒಳಗೆ ಒಂದು ಹನಿಯೂ ಹೋಗುವುದಿಲ್ಲ. ಕುಂಡದ ತೂತಿನಿಂದ ನೀರು ಬಂತು ಎಂದು ನಿಮಗೆ ಸಮಾಧಾನ, ಗಿಡಕ್ಕೆ ಬಾಯಾರಿಕೆ. ಕೋಕೋಪೀಟ್‌ನಲ್ಲಿ ಇದರ ತಿರುಗಾಮುರುಗಾ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ತೊಪ್ಪೆ. ಮತ್ತೆ ಮತ್ತೆ ನೀರು ಹಾಕಿ ಬೇರು ಕೊಳೆಸುತ್ತಾರೆ.

ಸಂಜೆ ಹೊತ್ತು ಕೂತುಕೊಳ್ಳಿ. ಮಣ್ಣು ಮೊದಲೇ ಕಲಸಿಡಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಸ್ವಲ್ಪ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಬೇಕು, ಬೆರಳು ತಾಕಿಸಿದರೆ ಉದುರಬೇಕು. ಉದುರದಿದ್ದರೆ ಮರಳು ಸೇರಿಸಿ. ಪೊಟ್ಟಣದಲ್ಲಿ ಸಿಗುವ ‘ರೆಡಿ ಮಿಕ್ಸ್’ ಹಲವು ಕಡೆ ಬರೀ ಕೋಕೋಪೀಟ್ ಆಗಿರುತ್ತದೆ. ಎತ್ತಿ ನೋಡಿ, ಹತ್ತಿಯಂತೆ ಹಗುರವಾಗಿದ್ದರೆ ತರಬೇಡಿ.

ಕುಂಡ ಬೇರಿನ ಉಂಡೆಗಿಂತ ಎರಡು ಇಂಚು ಅಗಲ ಇದ್ದರೆ ಸಾಕು. ‘ಹೇಗೂ ಬೆಳೆಯುತ್ತಲ್ಲ’ ಎಂದು ದೊಡ್ಡ ಕುಂಡಕ್ಕೆ ಹಾಕುವವರೇ ಜಾಸ್ತಿ. ಚಿಕ್ಕ ಬೇರು ಅಷ್ಟು ಮಣ್ಣಿನ ನೀರು ಎಳೆಯಲಾರದು. ಮಣ್ಣು ಹಸಿಯಾಗೇ ಇದ್ದು ಬೇರು ಕೊಳೆಯುತ್ತದೆ. ತಳದ ತೂತಿನ ಮೇಲೆ ಹೆಂಚಿನ ಚೂರು ಕವುಚಿಡಿ.

ಜೇಡಿಮಣ್ಣಿನ ಉಂಡೆಯಾದರೆ ಕವರ್ ಸಮೇತ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಏಳುತ್ತದೆ. ಗುಳ್ಳೆ ನಿಲ್ಲುವ ತನಕ ಬಿಡಿ, ಆಗ ನೀರು ಒಳಗೆ ತಲುಪಿರುತ್ತದೆ. ಹೊರತೆಗೆದು ಅರ್ಧ ಗಂಟೆ ಸೋರಲು ಇಡಿ. ಕವರನ್ನು ಬ್ಲೇಡಿನಿಂದ ಸೀಳಿ ಬಿಡಿಸಿ. ಕಾಂಡ ಹಿಡಿದು ಎಳೆಯಲೇಬಾರದು. ಈಗ ಚೂಪು ಕಡ್ಡಿಯಿಂದ ಉಂಡೆಯ ಹೊರಭಾಗವನ್ನು ಮಾತ್ರ, ಒಂದು ಬೆರಳಿನ ದಪ್ಪದಷ್ಟು, ಕೆದಕಿ ಉದುರಿಸಿ. ಪೂರ್ತಿ ಮಣ್ಣು ತೊಳೆದು ಬೇರು ಬೆತ್ತಲೆ ಮಾಡುವ ವಿಡಿಯೊಗಳು ಓಡಾಡುತ್ತಿವೆ. ದಯವಿಟ್ಟು ಹಾಗೆ ಮಾಡಬೇಡಿ, ನೀರು ಹೀರುವ ಕೂದಲಿನಂಥ ಬೇರುಗಳು ಅದರಲ್ಲೇ ಹರಿದುಹೋಗುತ್ತವೆ. ಕೋಕೋಪೀಟ್ ಆದರೆ ಮೆಲ್ಲಗೆ ತಟ್ಟಿ ಸಡಿಲವಾದಷ್ಟು ಉದುರಿಸಿದರೆ ಸಾಕು. ಬೇರು ತಳದಲ್ಲಿ ಸುತ್ತು ಹಾಕಿದ್ದರೆ ಮೂರು ಕಡೆ ಬ್ಲೇಡಿನಿಂದ ಉದ್ದಕ್ಕೆ ಗೀರಿ. ಬೋಗನ್‌ವಿಲ್ಲಾಗೆ ಇದ್ಯಾವುದೂ ಬೇಡ. ಅದರ ಬೇರು ಬಹಳ ನಾಜೂಕು, ಕವರ್ ಬಿಡಿಸಿ ಹಾಗೇ ಇಳಿಸಿ.

ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ನೆಡಿ. ಕಾಂಡಕ್ಕೆ ಮಣ್ಣು ಏರಿಸಿದರೆ ಬುಡ ಕೊಳೆಯುತ್ತದೆ. ಗುಲಾಬಿಯ ಕಸಿ ಗಂಟು ಮಣ್ಣಿನ ಮೇಲೇ ಇರಬೇಕು. ಸುತ್ತ ಮಣ್ಣು ತುಂಬಿ ಬೆರಳಿನಿಂದ ಒತ್ತಿ. ಎಡೆಯಲ್ಲಿ ಗಾಳಿ ಉಳಿಯಬಾರದು. ಅಂಚಿನಿಂದ ಒಂದು ಇಂಚು ಖಾಲಿ ಬಿಟ್ಟು, ತೂತಿನಿಂದ ಸೋರುವ ತನಕ ನಿಧಾನವಾಗಿ ನೀರು ಹಾಕಿ.

ಇನ್ನು ಯಾರೂ ಒಪ್ಪದ ಕೆಲಸ ಒಂದಿದೆ. ಅರಳಿದ ಹೂ, ದೊಡ್ಡ ಮೊಗ್ಗು ಎಲ್ಲ ಕತ್ತರಿಸಿ. ಹೂವಿಗಾಗಿಯೇ ತಂದದ್ದು, ಕತ್ತರಿಸುವುದು ಹೇಗೆ ಎಂದು ಸಂಕಟಪಡುತ್ತಾರೆ. ಕತ್ತರಿಸಿದ್ದನ್ನು ದೇವರಿಗಿಡಿ, ಲೋಟದಲ್ಲಿಡಿ. ಬೇರು ಚೇತರಿಸಿಕೊಳ್ಳುವ ತನಕ ಹೂವಿನ ಭಾರ ಗಿಡದ ಮೇಲೆ ಇರಬಾರದು. ಒಂದು ವಾರ, ಹತ್ತು ದಿನ ನೆರಳು. ಹೊಸ ಚಿಗುರು ಕಂಡ ಮೇಲೆ ಬಿಸಿಲು.

ಆರ್ಕಿಡ್ ತಂದವರಿಗೆ ಈ ಹಂತವೇ ಇಲ್ಲ. ಡೆಂಡ್ರೋಬಿಯಂ ಎಂಬ ಆರ್ಕಿಡ್ ಇದ್ದಿಲು, ಇಟ್ಟಿಗೆ ಚೂರಿನಲ್ಲೇ ಬದುಕುವ ಗಿಡ. ‘ಪಾಪ, ಮಣ್ಣೇ ಇಲ್ಲ’ ಎಂದು ಮಣ್ಣು ತುಂಬಿದರೆ ಬೇರು ಕೊಳೆಯುತ್ತದೆ.

8. ನೀರು, ಗೊಬ್ಬರ

ದಿನಕ್ಕೆ ಒಂದು ಮಗ್ ಎಂಬ ಲೆಕ್ಕ ಬಿಡಿ. ಎರಡನೇ ಗೆಣ್ಣಿನವರೆಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಬೆಳಿಗ್ಗೆ ನೀರು ಹಾಕಿ. ಆಗಸ್ಟ್‌ನಲ್ಲಿ ಕುಂಡದಡಿಯ ತಟ್ಟೆ ತೆಗೆದಿಡಿ. ಮೂರು ವಾರ ಯಾವ ಗೊಬ್ಬರವೂ ಬೇಡ. ಮಳಿಗೆಯವರು ಗಿಡದ ಜೊತೆ ಕೊಡುವ ‘ಹೂ ಜಾಸ್ತಿ ಬಿಡುವ ಟಾನಿಕ್’ ಬಾಟಲಿ ಬೇಡವೆನ್ನಿ, ಒಳಗೇನಿದೆ ಎಂದು ಅದರ ಮೇಲೆ ಬರೆದಿರುವುದೇ ಕಡಿಮೆ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕಿದರೆ ಗುಲಾಬಿ, ದಾಸವಾಳಕ್ಕೆ ಸಾಕು.

9. ಹೂ ಮುಗಿದ ಮೇಲೆ

ಸೇವಂತಿಗೆ ಬಾಡಿದಾಗ ಎಸೆಯಬೇಡಿ. ಮಣ್ಣಿನಿಂದ ಮೂರು ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಬೇಸಿಗೆಯಲ್ಲಿ ಅರೆನೆರಳಲ್ಲಿಡಿ. ಜೂನ್‌ನಲ್ಲಿ ಬರುವ ಚಿಗುರಿನ ತುದಿ ಕತ್ತರಿಸಿ ಮರಳಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಆಗಸ್ಟ್ ಕೊನೆಯ ತನಕ ತುದಿ ಚಿವುಟುತ್ತಿರಿ, ಆಮೇಲೆ ನಿಲ್ಲಿಸಿ. ವರ್ಷದ ಕೊನೆಗೆ ಒಂದು ಗಿಡದಿಂದ ಹತ್ತು ಕುಂಡ ಹೂ.

ಕುಂಡಗಳು ಚೆನ್ನಾಗಿ ಬಂದರೆ ಸ್ಪರ್ಧೆಗೆ ಕೊಡಿ. 1912ರಲ್ಲಿ ಶುರುವಾದ ಮೈಸೂರು ಉದ್ಯಾನಕಲಾ ಸಂಘ ಮನೆತೋಟ, ತಾರಸಿ ತೋಟಗಳಿಗೂ ಸ್ಪರ್ಧೆ ನಡೆಸುತ್ತದೆ. ಅರ್ಜಿ ಕರೆಯುವುದು ಪ್ರದರ್ಶನಕ್ಕೆ ಮೊದಲೇ. ಹಾಗಾಗಿ ಡಿಸೆಂಬರ್‌ನಲ್ಲೇ ಲಾಲ್‌ಬಾಗ್‌ನ ಸಂಘದ ಕಚೇರಿಯಲ್ಲಿ ವಿಚಾರಿಸಿಟ್ಟುಕೊಳ್ಳಿ.