ಅಡಿಪಟ್ಟಿ ಸೀಳದಂತೆ ಮರದ ಗೋಡೆಯನ್ನು ಬುನಾದಿಗೆ ಬಿಗಿದ ನನ್ನ ಅನುಭವ

ಪ್ಲೈವುಡ್ ಹೊದಿಸಿದ ಮರದ ಗೋಡೆಯೇ ಗಾಳಿಯ ಪಕ್ಕದ ನೂಕನ್ನೂ ಚಾವಣಿಯ ಮೇಲೆಳೆತವನ್ನೂ ಒಟ್ಟಿಗೆ ತಡೆಯಬಲ್ಲದು, ಕಂಬಕಂಬಕ್ಕೂ ಕಬ್ಬಿಣದ ಪಟ್ಟಿ ಕಟ್ಟಬೇಕಿಲ್ಲ ಎಂದಾಗ ಮೈಸೂರಿನ ನನ್ನ ಜೊತೆಯ ಗುತ್ತಿಗೆದಾರರು ನಕ್ಕಿದ್ದರು. ಶ್ರೀರಂಗಪಟ್ಟಣದ ಬಳಿ ತೋಟವೊಂದರಲ್ಲಿ ಹಾಗೆ ಕಟ್ಟಿದ ಎರಡು ಕೋಣೆಯ ಮನೆ ಮೂರು ಬೇಸಿಗೆಗಳ ಬಿರುಗಾಳಿಯನ್ನು ತಡೆದು ನಿಂತಿರುವುದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಕಟ್ಟಡಗಳ ಮೇಲಿನ ಗಾಳಿಯ ಒತ್ತಡ ಲೆಕ್ಕ ಹಾಕುವ ಭಾರತೀಯ ಮಾನಕದಲ್ಲಿ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಮೈಸೂರಿಗೆ 33 ಮೀಟರ್ ಗಾಳಿವೇಗವಿದೆ. ಇಲ್ಲಿ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂಬುದು ಆ ಗುತ್ತಿಗೆದಾರರ ವಾದ. ಆದರೆ ತಗಡಿನ ಚಾವಣಿಗೆ ತೂಕವೇ ಇಲ್ಲ. ಸೂರು ಮೂರಡಿ ಚಾಚಿದ್ದರೆ ಅದನ್ನು ಎತ್ತಲು ಆ 33 ಮೀಟರೇ ಸಾಕು.

ಮೊದಲು ನನ್ನ ಶೆಡ್ಡಿನಲ್ಲಿ ನಾಲ್ಕಡಿ ಅಗಲ, ಎಂಟಡಿ ಎತ್ತರದ ಗೋಡೆ ಮಾಡಿ, ಒಂದೇ ಮಗ್ಗುಲಿಗೆ 12 ಮಿ.ಮೀ. ಪ್ಲೈವುಡ್ ಹೊಡೆದು, ಚೈನ್ ಪುಲ್ಲಿಯಿಂದ ಮೇಲಕ್ಕೆ ಎಳೆಯುತ್ತಲೇ ಜ್ಯಾಕಿನಿಂದ ಪಕ್ಕಕ್ಕೆ ತಳ್ಳಿದೆ. ಅಡಿಪಟ್ಟಿಯನ್ನು, ಅಂದರೆ ಗೋಡೆಯ ತಳದಲ್ಲಿ ಮಲಗಿಸುವ ಮರದ ಪಟ್ಟಿಯನ್ನು, ಕೆಳಕ್ಕೆ ಬಿಗಿದದ್ದು ಎರಡು ಬೋಲ್ಟ್, ದುಂಡು ವಾಷರ್. ಮೊಳೆಗಳೂ ಪ್ಲೈವುಡ್ಡೂ ಹಾಗೆಯೇ ಇರಲಾಗಿ, ಅಡಿಪಟ್ಟಿ ಮಾತ್ರ ಬೋಲ್ಟುಗಳ ಸಾಲಿನಲ್ಲೇ ಸೌದೆಯಂತೆ ಉದ್ದಕ್ಕೂ ಸೀಳಿತು. ಪ್ಲೈವುಡ್ ಪಟ್ಟಿಯ ಒಂದು ಅಂಚನ್ನು ಎತ್ತುತ್ತದೆ, ಬೋಲ್ಟು ನಡುವನ್ನು ಹಿಡಿದಿರುತ್ತದೆ. ನಡುವಿನ ಮರ ನಾರಿಗೆ ಅಡ್ಡಲಾಗಿ ಬಾಗಿ ಬಿರಿಯುತ್ತದೆ. ಬೋಲ್ಟುಗಳನ್ನು ನಾಲ್ಕು ಮಾಡಿದರೂ ತುಸು ತಡವಾಗಿ ಅದೇ ಜಾಗದಲ್ಲಿ ಸೀಳಿತು.

ಗೆದ್ದದ್ದು ವಾಷರಿನಿಂದ. ಮೂರಿಂಚು ಚೌಕದ 6 ಮಿ.ಮೀ. ಕಬ್ಬಿಣದ ತಗಡನ್ನೇ ವಾಷರಾಗಿ, ಪ್ಲೈವುಡ್ ಇರುವ ಮಗ್ಗುಲಿನ ಅಂಚಿಗೆ ಅರ್ಧ ಇಂಚಿಗಿಂತ ದೂರವಾಗದಂತೆ ಕೂರಿಸಿದೆ. ಹದಿನಾರು ಇಂಚಿಗೊಂದು ಬೋಲ್ಟ್ ಕೊಟ್ಟು, ಅಡಿಪಟ್ಟಿಗೂ ಮೇಲ್ಪಟ್ಟಿಗೂ ಮೊಳೆಗಳನ್ನು ಮೂರಿಂಚಿನ ಅಂತರದಲ್ಲಿ ಎರಡು ಸಾಲಾಗಿ, ಒಂದರೆದುರು ಇನ್ನೊಂದು ಬಾರದಂತೆ ಹೊಡೆಸಿದೆ. ಈ ಬಾರಿ ಪಟ್ಟಿ ಸೀಳಲಿಲ್ಲ. ಮೊಳೆಗಳು ಬಾಗುತ್ತಾ ನಿಧಾನವಾಗಿ ಸೋತವು, ನನಗೆ ಬೇಕಿದ್ದದ್ದೂ ಅದೇ. ಗೋಡೆ ಮಗುಚದಂತೆ ಹಿಡಿಯುವ ತುದಿಕಂಬಗಳ ಹೋಲ್ಡ್‌ಡೌನುಗಳನ್ನು ಮಾತ್ರ ನಾನು ಬಿಟ್ಟಿಲ್ಲ, ಯಾರೂ ಬಿಡಬಾರದು.

ಬೋಲ್ಟು ಕಾಲಿಂಚು ಆಚೀಚೆಯಾದರೂ ಈ ಅರ್ಧ ಇಂಚಿನ ಲೆಕ್ಕ ತಪ್ಪುವುದರಿಂದ ವಾಷರಿನ ತೂತನ್ನು ಉದ್ದವಾಗಿ ಕೊರೆಸಿ, ನಟ್ಟಿನಡಿ ಮಾಮೂಲಿ ವಾಷರೊಂದನ್ನು ಇಡಬೇಕು. ಕಾಂಕ್ರೀಟು ಸುರಿಯುವಾಗ ಬೋಲ್ಟು ಅಲುಗದಂತೆ ನಾನು ಮಾಡಿಕೊಂಡಿರುವ ಉಪಾಯವನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಅನ್ನ.

ನಡುವೆ ಮೊಳೆಗಳ ಬದಲು ಕಪ್ಪು ಜಿಪ್ಸಂ ಸ್ಕ್ರೂ ಹಾಕಿ ನೋಡಿದೆ. ಬಾಗದೆ ಪಟಪಟನೆ ಮುರಿದವು. ಸಾಮಿಲ್ಲಿನಿಂದ ತಂದ ಹಸಿ ಸಿಲ್ವರ್ ಓಕ್ ಪಟ್ಟಿ ಎರಡೇ ತಿಂಗಳಲ್ಲಿ ಒಣಗಿ ಕುಗ್ಗಿ, ನಟ್ಟುಗಳೆಲ್ಲ ಕೈಯಲ್ಲೇ ತಿರುಗುವಷ್ಟು ಸಡಿಲವಾದವು. ಮೊದಲಿನ ಪೈನ್ ಮರಕ್ಕೇ ಮರಳಿದೆ.

ದುಡ್ಡಿನ ವಿಚಾರಕ್ಕೆ ಬಂದರೆ, ಕಂಬಗಳಿಗೆ ಕಬ್ಬಿಣದ ಪಟ್ಟಿ ಕಟ್ಟಿದ್ದರೆ ಸುಮಾರು 27 ಸಾವಿರ ಆಗುತ್ತಿತ್ತು. ವಾಷರು, ಹೆಚ್ಚಿನ ಬೋಲ್ಟು, ಮೊಳೆ ಸೇರಿ ನನಗೆ 11 ಸಾವಿರದಲ್ಲಿ ಮುಗಿಯಿತು. ಪರೀಕ್ಷೆಯ ಗೋಡೆಗಳಿಗೆ ಕೈಯಿಂದ 18 ಸಾವಿರದಷ್ಟು ಹೋದದ್ದರಿಂದ ಮೊದಲ ಮನೆಯಲ್ಲಿ ನನಗೆ ನಷ್ಟವೇ ಆಯಿತು. ಪಾಂಡವಪುರದ ಎರಡನೆಯ ಮನೆಯಲ್ಲಿ ಅದು ಹಿಂದಿರುಗಿದೆ.

ಕಳೆದ ಮೇ ತಿಂಗಳ ಗಾಳಿಮಳೆಯ ಮರುದಿನ ಮೊದಲ ಮನೆಯ ಐವತ್ತು ಚಿಲ್ಲರೆ ನಟ್ಟುಗಳಿಗೂ ಸ್ಪ್ಯಾನರ್ ಹಾಕಿ ನೋಡಿದೆ. ಐದಾರು ಮಾತ್ರ ಕಾಲು ಸುತ್ತು ತಿರುಗಿದವು.