ಊರಿಗೊಂದು ಮಕ್ಕಳ ಕಲಾಕೇಂದ್ರ: ಕಟ್ಟಡದ ಮಾತು ಕೊನೆಗಿರಲಿ

ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಹದಿಹರೆಯದ ಮಕ್ಕಳಿಗೆ ತಮಟೆ, ಕೋಲಾಟ, ಕಂಸಾಳೆ, ನಾಟಕ ಕಲಿಸುವ ಕೇಂದ್ರವೊಂದನ್ನು ನಡೆಸುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ತಮ್ಮೂರಿನಲ್ಲೂ ಇಂಥದ್ದೊಂದು ಮಾಡಬೇಕೆಂದು ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಮೇಡಂ, ಕಟ್ಟಡಕ್ಕೆ ಎಷ್ಟಾಯಿತು?" ಸ್ವಂತ ಕಟ್ಟಡವೇ ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಶಂಕುಸ್ಥಾಪನೆಯಾಗಿ, ನಾಮಫಲಕ ಏರಿ, ಆಮೇಲೆ ಮದುವೆ ಊಟಕ್ಕೆ ಬಿಟ್ಟರೆ ಬೀಗ ತೆಗೆಯದ ಭವನಗಳನ್ನು ನಾವೆಲ್ಲ ನೋಡಿಯೇ ಇದ್ದೇವೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ಅದರ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ, ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯವರು ಸ್ವಂತ ರಂಗಮಂದಿರಕ್ಕೆ 23 ವರ್ಷ ಕಾದರು, ನಾಟಕಕ್ಕೆ ಕಾಯಲಿಲ್ಲ. ಚಂದಾ ಪುಸ್ತಕ ಅಚ್ಚು ಹಾಕಿಸುವ ಮೊದಲು ಈ ವರ್ಷಗಳನ್ನು ಒಮ್ಮೆ ನೋಡಿಕೊಳ್ಳಿ.

ಮೊದಲು ಗೊತ್ತುಮಾಡಬೇಕಾದದ್ದು ಹೊತ್ತು. ಹಳ್ಳಿಯ ಮಕ್ಕಳಿಗೆ ಸಂಜೆ ಬಿಡುವಿರುತ್ತದೆ ಎಂದುಕೊಳ್ಳುವವರು ಹಳ್ಳಿಯ ಸಂಜೆಯನ್ನು ಕಂಡವರಲ್ಲ. ಶಾಲೆಯಿಂದ ಬಂದ ಹುಡುಗಿ ಹಸುವಿಗೆ ಮೇವು ಹಾಕಬೇಕು, ಹಾಲು ಕರೆಯುವಾಗ ಅಮ್ಮನ ಜೊತೆಗಿರಬೇಕು, ಡೇರಿಗೆ ಹಾಲು ಹಾಕಿ ಬರಬೇಕು. ಅಷ್ಟರಲ್ಲಿ ಕತ್ತಲಾಗುತ್ತದೆ. ದೊಡ್ಡವರ ಪೌರಾಣಿಕ ನಾಟಕದ ಅಭ್ಯಾಸ ಶುರುವಾಗುವುದೇ ಊಟವಾದ ಮೇಲೆ, ಮುಗಿಯುವುದು ನಡುರಾತ್ರಿಗೆ. ಆ ಲೆಕ್ಕದಲ್ಲಿ ಹೆಣ್ಣುಮಕ್ಕಳು ರಂಗದ ಮೇಲೆ ಬರುವುದೇ ಇಲ್ಲ. ಹಾಗಾಗಿ ಮನೆಮನೆಗೆ ಹೋಗಿ, ಹಾಲು ಕರೆಯುವ ಹೊತ್ತು ಯಾವುದು, ಬಸ್ಸು ಎಷ್ಟಕ್ಕೆ ಬರುತ್ತದೆ, ಟ್ಯೂಷನ್ ಇದೆಯೇ ಎಂದು ಕೇಳಿ ಬರೆದುಕೊಳ್ಳಿ. ನಮಗೆ ಸಿಕ್ಕ ಉತ್ತರ: ಶಾಲೆ ಮಧ್ಯಾಹ್ನಕ್ಕೆ ಬಿಡುವ ಶನಿವಾರ ಎರಡರಿಂದ ನಾಲ್ಕೂವರೆ, ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತು. ನಿಮ್ಮೂರಿನಲ್ಲಿ ಬೇರೆ ಇರಬಹುದು. ಗೊತ್ತುಮಾಡಿದ ಮೇಲೆ ಮಾತ್ರ ಬದಲಿಸಬೇಡಿ. ಇಬ್ಬರೇ ಬಂದರೂ ಇಬ್ಬರಿಗೇ ಕಲಿಸಿ ಕಳಿಸಿ.

ಎರಡನೆಯದು ಜಾಗ. ನಾವು ಅಭ್ಯಾಸ ಮಾಡುವುದು ಹಳೆಯ ರೇಷ್ಮೆ ಹುಳು ಸಾಕಣೆ ಮನೆಯಲ್ಲಿ. ರೇಷ್ಮೆ ಕೈಬಿಟ್ಟವರ ಇಂಥ ಮನೆಗಳು ನಮ್ಮ ಕಡೆ ಖಾಲಿ ಬಿದ್ದಿವೆ. ಕುಣಿತಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ: ಸಿಮೆಂಟಿನ ನೆಲ, ಎತ್ತರದ ಚಾವಣಿ, ಎರಡೂ ಕಡೆ ಗಾಳಿಯಾಡುವ ಕಿಟಕಿಗಳು, ಊಜಿ ನೊಣ ಬಾರದಂತೆ ಹಾಕಿದ ನೈಲಾನ್ ಬಲೆ. ಒಳಗೆ ಸೋಂಕು ನಿವಾರಕದ ಘಾಟು ಉಳಿದಿರುತ್ತದೆ, ನಾಲ್ಕು ದಿನ ಕಿಟಕಿ ತೆರೆದಿಟ್ಟು, ತೊಳೆದು, ಸುಣ್ಣ ಹೊಡೆಸಿ ಬಳಸಿ. ತಗಡಿನ ಮಾಡಾದರೆ ಮಳೆ ಬಂದಾಗ ಸಂಭಾಷಣೆ ಕೇಳಿಸುವುದಿಲ್ಲ, ಆ ದಿನ ಕೋಲಾಟ ಇಟ್ಟುಕೊಳ್ಳಿ. ಬಾಡಿಗೆ ಕಡಿಮೆಯೇ ಇರಲಿ, ಮಾಲೀಕರು ನೆಂಟರೇ ಆಗಿರಲಿ, ಕರಾರು ಬರವಣಿಗೆಯಲ್ಲಿರಲಿ.

ದೇವಸ್ಥಾನದ ಜಗಲಿಯನ್ನು ಉಚಿತವಾಗಿ ಕೊಡುತ್ತೇವೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೈಮುಗಿದು ಬೇಡ ಎನ್ನಿ. ಆ ಜಗಲಿ ಹತ್ತಲು ಎಲ್ಲ ಬೀದಿಯ ಮಕ್ಕಳಿಗೂ ಮನಸ್ಸು ಬರುತ್ತದೆಯೇ ಎಂಬುದು ನಿಮಗೂ ಗೊತ್ತು, ಕೊಡುವವರಿಗೂ ಗೊತ್ತು. ಒಬ್ಬರ ಮನೆಯ ಅಂಗಳವೂ ಹಾಗೆಯೇ. ನಾವು ಹುಡುಕಿದ್ದು ಊರಿನ ಎರಡೂ ಭಾಗಗಳಿಗೆ ಸಮದೂರದಲ್ಲಿರುವ, ರಸ್ತೆಗೆ ಕಾಣುವ ಜಾಗ. ಸಿಕ್ಕಿದ್ದು ಹುಳುವಿನ ಮನೆ, ಅಷ್ಟೇ.

ಇನ್ನು ಗುರು. ಮೈಸೂರಿನಿಂದ ತರಬೇತುದಾರರನ್ನು ಕರೆಸುವ ಮೊದಲು ಊರಿನಲ್ಲಿ ಯಾರಿದ್ದಾರೆ ನೋಡಿ. ನಮ್ಮಲ್ಲಿ ತಮಟೆ ಕಲಿಸುವವರು ಊರಿನ ಹಿರಿಯರೊಬ್ಬರು. ಅವರ ಪಾಠ ವಾದ್ಯವನ್ನು ಕಾಯಿಸುವುದರಿಂದ ಆರಂಭ. ಒಣಹುಲ್ಲಿಗೆ ಬೆಂಕಿ ಹಚ್ಚಿ, ತೊಗಲನ್ನು ಶಾಖಕ್ಕೆ ಹಿಡಿದು ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ಮೀಟಿ ಮಕ್ಕಳ ಕಿವಿಯ ಹತ್ತಿರ ತರುತ್ತಾರೆ. "ಇನ್ನೂ ಮಂಕಾಗಿದೆಯೋ, ಬಿಗಿಯಾಗಿದೆಯೋ ಹೇಳಿ" ಎಂದು ಕೇಳುತ್ತಾರೆ. ಉತ್ತರ ಸರಿಯಾಗುವವರೆಗೂ ಕೈಗೆ ಕೋಲು ಕೊಡುವುದಿಲ್ಲ. ಒಂದು ಗಿಡ್ಡ ಕೋಲು, ಒಂದು ತೆಳ್ಳನೆಯ ಉದ್ದ ಕಡ್ಡಿ. ಎರಡರ ಕೆಲಸವೂ ಬೇರೆ. ಈಗ ಫೈಬರ್ ತಮಟೆ ಬಂದಿದೆ, ಬೋಲ್ಟ್ ತಿರುಗಿಸಿದರೆ ಶ್ರುತಿ. ಮಳೆಗಾಲಕ್ಕೆಂದು ನಾವೂ ಇಟ್ಟುಕೊಂಡಿದ್ದೇವೆ. ಕಲಿಯುವುದು ಮಾತ್ರ ತೊಗಲಿನದರ ಮೇಲೆ.

ತಮಟೆಯ ಜೊತೆ ಜಾತಿಯ ಮಾತೂ ಬರುತ್ತದೆ, ಅದಕ್ಕೆ ತಯಾರಾಗಿರಿ. "ನಮ್ಮ ಹುಡುಗನಿಗೆ ಕೋಲಾಟ ಸಾಕು, ಅದನ್ನು ಮುಟ್ಟಿಸಬೇಡಿ" ಎನ್ನುವ ತಂದೆ ಬರುತ್ತಾರೆ. ಸಾವಿನ ಮನೆಯ ಮುಂದೆ, ಮಾರಿಹಬ್ಬದಲ್ಲಿ ಬಿಟ್ಟಿಯಾಗಿ ಬಾರಿಸಿದ ಮನೆತನದ ಹುಡುಗನೂ "ನಾನು ಇದನ್ನು ಬಾರಿಸುವುದಿಲ್ಲ" ಎನ್ನಬಹುದು. ಎರಡೂ ನಿರಾಕರಣೆಯೇ, ಆದರೆ ಎರಡೂ ಒಂದೇ ಅಲ್ಲ. ಎರಡನೆಯವನನ್ನು ಒತ್ತಾಯಿಸಬೇಡಿ, ಸಂಪ್ರದಾಯದ ಭಾಷಣವನ್ನಂತೂ ಬಿಗಿಯಲೇಬೇಡಿ. ಮೊದಲನೆಯವರಿಗೆ ನಾನು ಹೇಳುವುದು ಇಷ್ಟೇ: ಇಲ್ಲಿ ಜಾತಿ ನೋಡಿ ವಾದ್ಯ ಹಂಚುವುದಿಲ್ಲ, ಕೇಂದ್ರದ ತಂಡವನ್ನು ಯಾರ ಮನೆಯ ಬಿಟ್ಟಿ ವಾದ್ಯಕ್ಕೂ ಕಳಿಸುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ನನ್ನ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಗುರುಗಳ ಗೌರವಧನ ಹಾರ್ಮೋನಿಯಂ ಮೇಷ್ಟ್ರಿಗೆ ಕೊಡುವಷ್ಟೇ ಇರಬೇಕು. ತಿಂಗಳ ಮೊದಲ ಶನಿವಾರ ಎಲ್ಲರ ಎದುರಿಗೆ ಕೊಡಿ. ಕುರ್ಚಿಯೂ ಅಷ್ಟೇ: ಇಬ್ಬರಿಗೂ ಒಂದೇ ಬಗೆಯದು.

ಕಂಸಾಳೆಯ ವಿಷಯ ಸ್ವಲ್ಪ ಬೇರೆ. ಅದು ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ದೀಕ್ಷೆ ಪಡೆದ ದೇವರಗುಡ್ಡರ ಕೈಯ ವಾದ್ಯ. ಮಕ್ಕಳಿಗೆ ಕಲಿಸುವ ಮೊದಲು ಅವರನ್ನೇ ಕೇಳಿ, ಅವರು ಹೇಳಿದ ಕಟ್ಟುಪಾಡನ್ನು ಪಾಲಿಸಿ. ಬೀಸು ಕಂಸಾಳೆಯಲ್ಲಿ ಕಂಚಿನ ತಾಳ ತಲೆಯ ಸುತ್ತ ಹಾರುತ್ತದೆ. ಹೊಸಬರನ್ನು ಕೈಚಾಚಿದರೂ ಒಬ್ಬರಿಗೊಬ್ಬರು ತಾಗದಷ್ಟು ದೂರ ನಿಲ್ಲಿಸಿ.

ನಾಟಕಕ್ಕೆ ಬಂದರೆ ನಮ್ಮ ಕಡೆಯ ಒಂದು ಪದ್ಧತಿಯನ್ನು ಬಾಗಿಲಲ್ಲೇ ತಡೆಯಬೇಕು. 'ಕುರುಕ್ಷೇತ್ರ' ಆಡುವಾಗ ಪಾತ್ರಧಾರಿಗಳೇ ಪಾತ್ರಕ್ಕೆ ಹಣ ಕಟ್ಟುತ್ತಾರೆ. ದುರ್ಯೋಧನನಿಗೆ ಒಂದು ದರ, ವಿದುರನಿಗೆ ಇನ್ನೊಂದು. ಮೇಷ್ಟ್ರ ಸಂಬಳ, ಡ್ರಾಮಾ ಸೀನರಿಯ ಬಾಡಿಗೆ, ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲವೂ ಅದರಲ್ಲೇ ಹುಟ್ಟಬೇಕು. ದೊಡ್ಡವರ ಆಟಕ್ಕೆ ಅದು ಸರಿಯೋ ತಪ್ಪೋ, ನಾನು ನ್ಯಾಯ ಹೇಳುವುದಿಲ್ಲ. ಆದರೆ ಮಕ್ಕಳ ಕೇಂದ್ರದಲ್ಲಿ "ಎಷ್ಟಾದರೂ ಕೊಡುತ್ತೇನೆ, ನನ್ನ ಮಗನಿಗೇ ಕೃಷ್ಣನ ಪಾತ್ರ ಕೊಡಿ" ಎಂಬ ಮಾತಿಗೆ ಒಮ್ಮೆ ಸೋತರೆ ಮುಗಿಯಿತು. ನಾವು ಎಲ್ಲರಿಂದಲೂ ಎಲ್ಲ ಪಾತ್ರದ ಒಂದೊಂದು ತುಣುಕು ಓದಿಸುತ್ತೇವೆ, ಕೊನೆಗೆ ಗುರುಗಳು ಹಂಚುತ್ತಾರೆ. ನಮ್ಮ ಶಕುನಿ ಒಂಬತ್ತನೇ ತರಗತಿಯ ಹುಡುಗಿ. ದಾಳ ಉರುಳಿಸುವ ಮೊದಲು ಅವಳು ಸಭೆಯನ್ನು ಒಮ್ಮೆ ಸುಮ್ಮನೆ ನೋಡುವ ರೀತಿಗೇ ಜನ ಚಪ್ಪಾಳೆ ತಟ್ಟುತ್ತಾರೆ.

ಸುರಕ್ಷತೆಯ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಅಭ್ಯಾಸದ ಹೊತ್ತಿನಲ್ಲಿ ಕನಿಷ್ಠ ಇಬ್ಬರು ದೊಡ್ಡವರಿರಬೇಕು, ಅವರಲ್ಲಿ ಒಬ್ಬರು ಹೆಂಗಸು. ಬಾಗಿಲು ತೆರೆದಿರಬೇಕು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಚಿಲಕವಿರುವ ಜಾಗ, ಬಳಸುವಂಥ ಶೌಚಾಲಯ ಇಲ್ಲದಿದ್ದರೆ ಕೇಂದ್ರ ಶುರು ಮಾಡಲೇಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಏನಿದೆ ಎಂಬುದನ್ನು ಕಲಿಸುವವರೆಲ್ಲರಿಗೂ ಮೊದಲ ದಿನವೇ ಓದಿ ಹೇಳಿ. ಮುಜುಗರ ಒಂದು ದಿನದ್ದು.

ಕಾಗದಪತ್ರದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಏಳೂ ಜನ ಒಂದೇ ಬೀದಿಯವರಾಗದಿರಲಿ, ಒಂದೇ ಪಕ್ಷದವರಂತೂ ಬೇಡವೇ ಬೇಡ. ಬೈಲಾದಲ್ಲಿ ಉದ್ದೇಶಗಳನ್ನು ವಿಶಾಲವಾಗಿ ಬರೆಯಿರಿ, ಬ್ಯಾಂಕ್ ಖಾತೆಗೆ ಜಂಟಿ ಸಹಿ ಇಡಿ, ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವುದನ್ನು ತಪ್ಪಿಸಬೇಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅನುದಾನವನ್ನು ನಂಬಿಕೊಂಡು ಆರಂಭಿಸಬೇಡಿ. ಅರ್ಜಿ ಹಾಕುವಾಗ ಹಿಂದಿನ ಕಾರ್ಯಕ್ರಮಗಳ ದಾಖಲೆ, ಲೆಕ್ಕಪರಿಶೋಧನೆ ಎಲ್ಲ ಬೇಕಾಗುತ್ತದೆ. ಮೊದಲ ದಿನದಿಂದಲೇ ಹಾಜರಿ ಪುಸ್ತಕ, ರಸೀದಿ, ಫೋಟೊ, ಪತ್ರಿಕೆಯ ತುಣುಕು ಜೋಡಿಸಿಡಿ. ಅಲ್ಲಿಯವರೆಗೆ ಸಣ್ಣ ಮಾಸಿಕ ಶುಲ್ಕ ಮತ್ತು ಊರಿನ ದಾನಿಗಳು. ಶುಲ್ಕ ಕೊಡಲಾಗದ ಮನೆಗಳ ಹೆಸರು ಖಜಾಂಚಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯಬಾರದು.

ಜೂನ್‌ನಲ್ಲಿ ಶುರು ಮಾಡಿ, ಸಂಕ್ರಾಂತಿಯ ಸುಮಾರಿಗೆ ಮೊದಲ ಪ್ರದರ್ಶನ ಇಟ್ಟುಕೊಳ್ಳಿ. ಫೆಬ್ರುವರಿ ಬಂದರೆ ಹತ್ತನೇ ತರಗತಿಯವರನ್ನು ಓದಲು ಬಿಟ್ಟುಬಿಡಿ. ಪರೀಕ್ಷೆಯಲ್ಲಿ ಒಬ್ಬ ನಪಾಸಾದರೂ ಊರು ಬೈಯುವುದು ನಿಮ್ಮ ತಮಟೆಯನ್ನೇ. ಬೇಸಿಗೆ ರಜೆಯಲ್ಲಿ ಮತ್ತೆ ಶಿಬಿರ ಮಾಡಬಹುದು.

ಮೊದಲ ಪ್ರದರ್ಶನಕ್ಕೆ ಸೀನರಿ ತರಿಸಬೇಡಿ. ಒಂದು ಕಪ್ಪು ಪರದೆ, ನಾಲ್ಕು ದೀಪ, ಎರಡು ಮೈಕು ಸಾಕು. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಹಾಕುವಂತಿಲ್ಲ, ಆರೂವರೆಗೆ ಆರಂಭಿಸಿ ಒಂಬತ್ತಕ್ಕೆ ಮುಗಿಸಿ. ಹಾಲು ಹಾಕಿ ಬಂದವರಿಗೂ ಅನುಕೂಲ. ಮುಖ್ಯ ಅತಿಥಿಗಳ ಭಾಷಣವನ್ನು ಪ್ರದರ್ಶನ ಮುಗಿದ ಮೇಲೆ ಇಡಿ. ನಮ್ಮಲ್ಲಿ ಮೊದಲ ವರ್ಷ ಇದಕ್ಕೆ ಮುನಿಸಿಕೊಂಡವರಿದ್ದರು. ಮರುವರ್ಷ ಅವರೇ ಭಾಷಣವನ್ನು ಎರಡು ನಿಮಿಷಕ್ಕೆ ಇಳಿಸಿಕೊಂಡು ಬಂದರು.